ಮೌನೇಶ್ ಬರುವುದರೊಳಗೆ

ಬೆಳಿಗ್ಗೆಯಿಂದ ಹುಲಿಗೇಶನಿಗೆ ತನ್ನ ಬದುಕಿಗೆ ಯಾರೋ ತಪ್ಪು ಹಿನ್ನೆಲೆ ಸಂಗೀತ ಹಾಕಿದ್ದಾರೆ ಅನ್ನಿಸುತ್ತಿತ್ತು. ದಿನವೂ ಕಡ್ಡಿರಾಂಪುರದಿಂದ ಹೊಸಪೇಟೆಗೆ ಬೈಕಿನಲ್ಲಿ ಬರುವಾಗ ಅವನ ತಲೆಯೊಳಗೆ ತಮಟೆ, ನಗಾರಿ, ಹಿಂದೆ ನೂರು ಜನ ಡ್ಯಾನ್ಸರುಗಳು. ರಸ್ತೆಯ ಎರಡೂ ಬದಿಯ ಬಾಳೆತೋಟಗಳು ಅವನ ಎಂಟ್ರಿಗೆಂದೇ ಎಲೆ ಬೀಸುತ್ತಿದ್ದವು. ಇವತ್ತು ಬರೀ ಒಂದು ಪೀಪಿ. ಕಾಮಿಡಿ ನಟ ಗಟಾರಕ್ಕೆ ಬೀಳುವ ಮುಂಚೆ ಊದುತ್ತಾರಲ್ಲ, ಅದು. ಹಂಪಿಗೆ ಹೊರಟ ಆಟೋ ಒಂದು ಎದುರಿಗೆ ಬಂತು. ಅದರ ಗಾಜಿನ ಮೇಲೆ ಹಳದಿ ಅಕ್ಷರದಲ್ಲಿ ‘ಎರ್ರಮ್ಮನ ಮಗ, ಸೈಡ್ ಕೊಡೋ ಜಗ’ ಎಂದಿತ್ತು. ಸಾಲು ಹುಲಿಗೇಶನದು, ಅಕ್ಷರ ವಿರೂಪಾಕ್ಷಪ್ಪನದು, ಕತ್ತರಿಸಿದ್ದು ಅಂಗಡಿಯ ಕಟರ್ ಮಷೀನು. ಕಳೆದ ಶನಿವಾರ, ಅಂದರೆ ಮಷೀನು ಇನ್ನೂ ಬದುಕಿದ್ದಾಗ. ಆಟೋ ತನ್ನ ಗುರುತು ಹಿಡಿದು, ನಿಲ್ಲಿಸಿ, ವಿಚಾರಣೆ ಶುರು ಮಾಡುತ್ತದೇನೋ ಎಂಬಂತೆ ಅವನು ಮುಖವನ್ನು ಬಾಳೆತೋಟದ ಕಡೆ ತಿರುಗಿಸಿದ. ಇವತ್ತು ಶುಕ್ರವಾರ. ಸಂಜೆ ನಾಲ್ಕಕ್ಕೆ ಕಂಪ್ಲಿಯಿಂದ ಮೌನೇಶ್ ಟೆಂಪೊ ತರುತ್ತಾನೆ. ಅಷ್ಟರೊಳಗೆ ಮಷೀನು ಓಡದಿದ್ದರೆ ಅದು ಮೌನೇಶನ ಪಾಲು.

ವಿರೂಪಾಕ್ಷಪ್ಪನ ರೇಡಿಯಂ ಅಂಗಡಿ ಇರುವುದು ಸಂಡೂರು ರಸ್ತೆಯ ತಿರುವಿನಲ್ಲಿ. ಯಶವಂತನಗರದ ಕಡೆಯಿಂದ ಬರುವ ಅದಿರು ಲಾರಿಗಳು ಅಲ್ಲಿ ವೇಗ ಇಳಿಸಿ, ಒಂದು ಹಿಡಿ ಕೆಂಪು ಧೂಳನ್ನು ಅಂಗಡಿಯ ಗಾಜಿಗೆ ಎರಚಿ ಮುಂದಕ್ಕೆ ಹೋಗುತ್ತವೆ. ಮೂವತ್ತು ವರ್ಷ ಆ ಲಾರಿಗಳ ಹಣೆಯ ಮೇಲೆ ವಿರೂಪಾಕ್ಷಪ್ಪ ಬ್ರಶ್ಶಿನಲ್ಲಿ ಹೆಸರು ಬರೆದಿದ್ದ. ಕೈ ಸ್ವಲ್ಪ ನಡುಗಲು ಶುರುವಾದ ಮೇಲೆ ಈ ಕಟರ್ ತಂದ. ಈಗ ಅವನು ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ನಿಧಾನಕ್ಕೆ ಅಕ್ಷರ ಬಿಡಿಸುತ್ತಾನೆ, ಹುಲಿಗೇಶ್ ಅದನ್ನು ಕಂಪ್ಯೂಟರಿಗೆ ಏರಿಸುತ್ತಾನೆ, ಅಕ್ಕಿಕಾಳಿನಷ್ಟಿರುವ ಚಾಕು ಹೊಳೆಯುವ ಹಾಳೆಯ ಮೇಲೆ ಓಡಾಡಿ ಅದೇ ಅಕ್ಷರವನ್ನು ಕತ್ತರಿಸಿ ಕೊಡುತ್ತದೆ. ನಡುಗುವ ಕೈ ಯಾರಿಗೂ ಕಾಣುವುದಿಲ್ಲ. ಅಕ್ಷರ ಮಾತ್ರ ಲಾರಿಯ ಮೇಲೆ ಕೂತು ಗೋವಾಕ್ಕೆ ಹೋಗುತ್ತದೆ. ಹುಲಿಗೇಶ್ ಪಾಲಿಟೆಕ್ನಿಕ್ ಮುಗಿಸಿ ಗಣಿ ಕಂಪನಿಯಲ್ಲಿ ಆರು ತಿಂಗಳು ಹೆಲ್ಮೆಟ್ ಹಾಕಿ ನೋಡಿದ್ದ. ಅಲ್ಲಿ ಅವನ ಡೈಲಾಗಿಗೆ ಯಾರೂ ನಗಲಿಲ್ಲ, ಸೂಪರ್‌ವೈಸರ್ ಒಮ್ಮೆ ಬರಹದಲ್ಲಿ ವಿವರಣೆ ಕೇಳಿದ. ಈ ಅಂಗಡಿಯಲ್ಲಿ ಹಾಗಲ್ಲ. ಅವನು ಬಾಯಿಗೆ ಬಂದದ್ದು ಹೇಳಿದರೆ ವಿರೂಪಾಕ್ಷಪ್ಪ ಕನ್ನಡಕ ಏರಿಸಿ, ಇನ್ನೊಮ್ಮೆ ಹೇಳು ಅನ್ನುತ್ತಿದ್ದ. ಎರಡು ದಿನ ಬಿಟ್ಟು ಆ ಮಾತು ಹತ್ತು ಚಕ್ರದ ಮೇಲೆ ಊರು ದಾಟುತ್ತಿತ್ತು. ಯಾವ ಹೀರೋಗಿದೆ ಇಷ್ಟು ದೊಡ್ಡ ಪರದೆ?

ಬಾಗಿಲು ತೆಗೆದಾಗ ಮಷೀನಿನ ಮೇಲೆ ಬಿಳಿ ಬಟ್ಟೆ ಹೊದಿಸಿತ್ತು. ವಿರೂಪಾಕ್ಷಪ್ಪನೇ ಹೊದಿಸಿದ್ದು. ಸೋಮವಾರದಿಂದ ಅವನು ಅದರ ಮೂರಡಿ ದೂರದಲ್ಲೇ ಓಡಾಡುತ್ತಾನೆ, ಮನೆಯಲ್ಲಿ ಸಿಡುಬು ಎದ್ದವರನ್ನು ಮಲಗಿಸಿದ ಹಾಗೆ. ಹುಲಿಗೇಶ್ ಬಟ್ಟೆ ಎತ್ತಿದ. ಪೀಪಿ ಮತ್ತೆ ಊದಿತು.

ಸೋಮವಾರ ಹನ್ನೊಂದು ಗಂಟೆಗೆ ಅವನು ರಸ್ತೆಯಾಚೆ ತಾಯಕ್ಕನ ಚಹಾ ಗಾಡಿಯ ಹತ್ತಿರ ನಿಂತು ಗಾಜಿನ ಲೋಟ ಹಿಡಿದು ಕಾಯುತ್ತಿದ್ದ. ಭಾನುವಾರವಿಡೀ ಕೂತು ಒಂದು ಚಿತ್ರ ಮಾಡಿದ್ದ: ಕಪ್ಪು ಪರದೆ, ಉರಿಯುವ ತಲೆಬುರುಡೆ, ಕೆಳಗೆ ಕೆಂಪಕ್ಷರದಲ್ಲಿ, ‘ವಿರೂಪಾಕ್ಷಪ್ಪ, ನಿನ್ನ ಕಂಪ್ಯೂಟರಿನ ಉಸಿರು ಈಗ ನನ್ನ ಮುಷ್ಟಿಯಲ್ಲಿದೆ. ಮುಟ್ಟಿದರೆ ಬೂದಿ. ಇಂತಿ ನಿನ್ನ ವೈರಸ್.’ ಸರಿಯಾಗಿ ಹನ್ನೊಂದಕ್ಕೆ ಅದು ಪರದೆ ತುಂಬ ಏಳುವ ಹಾಗೆ ಹೊಂದಿಸಿದ್ದ. ಮುಂದಿನ ದೃಶ್ಯವೂ ಅವನ ತಲೆಯಲ್ಲಿ ಶೂಟ್ ಆಗಿತ್ತು. ವಿರೂಪಾಕ್ಷಪ್ಪ ಬಾಗಿಲಿಗೆ ಓಡಿಬರುತ್ತಾನೆ, ಲೇ ಹುಲಿಗ್ಯಾ ಎಂದು ಕೂಗುತ್ತಾನೆ, ಇವನು ನಿಧಾನವಾಗಿ ರಸ್ತೆ ದಾಟಿ, ಒಂದು ಕೀಲಿ ಒತ್ತಿ, ತಲೆಬುರುಡೆಯನ್ನು ಮಾಯ ಮಾಡುತ್ತಾನೆ. ಕಟ್. ಚಪ್ಪಾಳೆ. ಆದರೆ ಹನ್ನೊಂದಕ್ಕೆ ವಿರೂಪಾಕ್ಷಪ್ಪ ಕೂಗಲಿಲ್ಲ. ಕುರ್ಚಿಯಿಂದ ಎದ್ದ. ಎರಡು ಹೆಜ್ಜೆ ಹಿಂದೆ ಸರಿದ. ಕಾಲಲ್ಲಿದ್ದ ಚಪ್ಪಲಿ ಬಿಟ್ಟು ಪಕ್ಕಕ್ಕೆ ಜೋಡಿಸಿದ. ಆಮೇಲೆ ಕಂಪ್ಯೂಟರಿಗೆ ಕೈ ಮುಗಿದ. ತುಟಿ ಅಲ್ಲಾಡುತ್ತಿತ್ತು. ರಸ್ತೆಯಾಚೆಗೆ ಮಾತು ಕೇಳಿಸಲಿಲ್ಲ. ನಡುವೆ ಒಂದು ಲಾರಿ ಹಾದು ಹೋಯಿತು. ಅದು ಹೋಗುವಷ್ಟರಲ್ಲಿ ಅವನು ಗೋಡೆಯ ಪ್ಲಗ್ ಕಿತ್ತಿದ್ದ. ಮತ್ತೆ ಹಾಕಿದ. ತಲೆಬುರುಡೆ ಇನ್ನೂ ಇರಬಹುದೆಂದು ಮತ್ತೆ ಕಿತ್ತ. ಮೂರು ಸಲ. ಮುದಿಯಾಗಿದ್ದ ಹಾರ್ಡ್ ಡಿಸ್ಕು ಮೂರನೆಯ ಸಲಕ್ಕೆ ಟಕ್ ಟಕ್ ಎಂದು ಸುಮ್ಮನಾಯಿತು.

ಹುಲಿಗೇಶ್ ಓಡಿಹೋಗಿ, ಕಪ್ಪು ಪರದೆಯನ್ನು ಎರಡು ನಿಮಿಷ ದಿಟ್ಟಿಸಿ, ವೈರಸ್ ಇರಬೇಕ್ರಿ ಅಂದಿದ್ದ. ಆ ಸಾಲನ್ನು ಎಷ್ಟು ಚೆನ್ನಾಗಿ ಹೇಳಿದ್ದನೆಂದರೆ ಅವನಿಗೇ ಅವನ ಮೇಲೆ ಗೌರವ ಹುಟ್ಟಿತ್ತು. ಗೌರವ ಮಂಗಳವಾರದ ತನಕವೂ ಬಾಳಲಿಲ್ಲ. ವಿರೂಪಾಕ್ಷಪ್ಪ ಚಪ್ಪಲಿ ಬಿಟ್ಟ ಬಗೆ, ಎರಡನ್ನೂ ಅಂಚಿಗೆ ಅಂಚು ಕೂಡಿಸಿ ಇಟ್ಟ ಬಗೆ, ಊಟ ಮಾಡುವಾಗ, ಹಲ್ಲುಜ್ಜುವಾಗ, ಬೈಕಿಗೆ ಪೆಟ್ರೋಲ್ ಹಾಕಿಸುವಾಗ ಕಣ್ಣೆದುರಿಗೆ ಬರುತ್ತಿತ್ತು. ಬೈದಿದ್ದರೆ ಬೈಗುಳ ಮರೆತುಹೋಗುತ್ತಿತ್ತು. ಜೋಡಿಸಿಟ್ಟ ಚಪ್ಪಲಿಯನ್ನು ಏನು ಮಾಡುವುದು? ಬುಧವಾರ ವಿರೂಪಾಕ್ಷಪ್ಪ ಕಂಪ್ಲಿಗೆ ಫೋನ್ ಮಾಡಿ, ಅಲ್ಲಿ ಇಂಥದೇ ಅಂಗಡಿ ಇಟ್ಟಿದ್ದ ಮೌನೇಶನಿಗೆ, ಮಷೀನು ಒಯ್ದು ಭಾಗ ಬಿಚ್ಚಿಕೋ ಎಂದು ಮಾತು ಕೊಟ್ಟುಬಿಟ್ಟ. ವೈರಸ್ಸು ಕಂಪ್ಯೂಟರಿನಿಂದ ವೈರಿನಲ್ಲಿ ಹರಿದು ಕಟರಿಗೂ ಸೇರಿದೆ ಎಂದು ಅವನ ನಂಬಿಕೆ. ಮಷೀನು ಹೋದರೆ ಷಟರ್ ಎಳೆಯುವುದೇ ಸೈ, ಬ್ರಶ್ಶು ಮತ್ತೆ ಹಿಡಿಯಲಿಕ್ಕೆ ಈ ಕೈ ಒಪ್ಪುವುದಿಲ್ಲ ಎಂದು ಅಂಗೈ ನೋಡಿಕೊಂಡು ಹೇಳಿದ್ದ. ಆಗ ಹುಲಿಗೇಶ್ ಎದೆ ಉಬ್ಬಿಸಿ ಮಧ್ಯೆ ಬಂದಿದ್ದ. ವಿಂಡೋಸ್ ಬದಲು ಲಿನಕ್ಸ್ ಹಾಕ್ತೀನಿ, ಅದಕ್ಕೆ ವೈರಸ್ಸು ಹತ್ತಿರಾನೂ ಸುಳಿಯಲ್ಲ, ಶುಕ್ರವಾರದ ತನಕ ಟೈಮ್ ಕೊಡ್ರಿ. ವಿರೂಪಾಕ್ಷಪ್ಪ ಅವನ ಮುಖ ನೋಡಿ, ಆಗಲಿ ಎಂದಿದ್ದ.

“ನಾಕ್ ಗಂಟೆ ತನಕ. ಓಡಿದ್ರ ಇರ್ಲಿ. ಇಲ್ಲಾಂದ್ರ ಮೌನೇಶ ಒಯ್ತಾನ. ಕೊಟ್ಟ ಮಾತು ನಾ ತಿನ್ನಾಂಗಿಲ್ಲ.”

ಹುಲಿಗೇಶ್ ತನ್ನ ಲ್ಯಾಪ್‌ಟಾಪಿನ ಡಿಸ್ಕನ್ನೇ ಬಿಚ್ಚಿ ತಂದು ಅಂಗಡಿಯ ಕಂಪ್ಯೂಟರಿಗೆ ಕೂಡಿಸಿದ್ದ. ಪ್ರಾಯಶ್ಚಿತ್ತ ಎಂದು ಅಂದುಕೊಂಡಾಗ ಸ್ವಲ್ಪ ಹಾಯೆನಿಸಿತ್ತು. ಅದರಲ್ಲಿದ್ದ ನಾನೂರು ಸಿನಿಮಾಗಳು ಅಳಿಸಿಹೋದವೆಂದು ನೆನಪಾದಾಗ ಪ್ರಾಯಶ್ಚಿತ್ತ ಜಾಸ್ತಿಯಾಯಿತೇನೋ ಎನಿಸಿತ್ತು. ಲಿನಕ್ಸ್ ಅವನಿಗೆ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಹತ್ತಿದ ಚಟ. ಒಂದು ಸಾಲು ಟೈಪ್ ಮಾಡಿದರೆ ಇಡೀ ಲ್ಯಾಬಿನ ಪರದೆಗಳ ಮೇಲೆ ‘ಬೆಂಕಿ, ಎಲ್ಲರೂ ಹೊರಗೆ’ ಎಂದು ಮೂಡಿಸಬಹುದು ಎಂದು ತಿಳಿದ ದಿನದಿಂದ ಅವನು ಕ್ಲಾಸು ತಪ್ಪಿಸಿರಲಿಲ್ಲ. ಹಾಕುವುದೇನೋ ನಿನ್ನೆ ಮಧ್ಯಾಹ್ನವೇ ಆಯಿತು. ತೊಂದರೆ ಕಟರಿನದು. ಅದನ್ನು ಮಾಡಿದ ಕಂಪನಿ ಎಂದೋ ಮುಚ್ಚಿಹೋಗಿದೆ, ಜೊತೆಗೆ ಕೊಟ್ಟ ಸೀಡಿಯನ್ನು ಹಕ್ಕಿ ಓಡಿಸಲು ಯಾರೋ ಹೊಲಕ್ಕೆ ಒಯ್ದು ಕಟ್ಟಿದ್ದಾರೆ. ನೆಟ್ಟಿನಲ್ಲಿ ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಯಾವುದೋ ಚಳಿ ದೇಶದ ಒಬ್ಬ ಪುಣ್ಯಾತ್ಮ. ಇಂಥ ಅನಾಥ ಮಷೀನುಗಳಿಗೆಂದೇ ಒಂದು ಸಾಫ್ಟ್‌ವೇರ್ ಬರೆದು ಸುಮ್ಮನೆ ಹಂಚಿದ್ದಾನೆ. ಆದರೆ ತಯಾರಾದ ಮಾಲಲ್ಲ. ಬರೆದ ಕೋಡನ್ನೇ ಇದ್ದದ್ದು ಇದ್ದ ಹಾಗೆ ಗಂಟು ಕಟ್ಟಿ ಇಟ್ಟಿದ್ದಾನೆ. ತೆಗೆದುಕೊಂಡವನು ತನ್ನ ಕಂಪ್ಯೂಟರಿನಲ್ಲಿ ತಾನೇ ಕಟ್ಟಿಕೊಳ್ಳಬೇಕು.

ಇದನ್ನು ವಿರೂಪಾಕ್ಷಪ್ಪನಿಗೆ ಹೇಗೆ ವಿವರಿಸುವುದೆಂದು ಹುಲಿಗೇಶ್ ಒದ್ದಾಡಿದ. ರೆಡಿಮೇಡ್ ಅಂಗಿ ಅಲ್ಲ, ಬಟ್ಟೆ, ದಾರ, ಗುಂಡಿ ಬೇರೆ ಬೇರೆ ಅಂದ. ವಿರೂಪಾಕ್ಷಪ್ಪ ಮೂರಡಿ ದೂರದ ಸ್ಟೂಲಿನ ಮೇಲೆ ಕೂತು ಕೇಳಿಸಿಕೊಂಡ. ಡಬ್ಬಿ ಬಣ್ಣ ಬರುವ ಮೊದಲು ತಾನು ಪುಡಿ ತಂದು, ಅಗಸೆ ಎಣ್ಣೆ ಹಾಕಿ, ಕಲ್ಲಿನ ಮೇಲೆ ಅರೆದುಕೊಳ್ಳುತ್ತಿದ್ದುದನ್ನು ಹೇಳಿದ. ಎಣ್ಣೆ ಒಂದು ಬಿಂದು ಹೆಚ್ಚಾದರೆ ಅಕ್ಷರ ಲಾರಿಯ ಹಣೆಯಿಂದ ಮೂಗಿಗೆ ಇಳಿಯುತ್ತಿತ್ತಂತೆ.

“ಪುಡಿ ಕೊಟ್ಟಾನ, ಎಣ್ಣಿ ಕೊಟ್ಟಾನ. ಅರಕೊಳ್ಳಾದು ನಾವು. ಅಷ್ಟ ಅಲ್ಲೇನು?”

ಅಷ್ಟೇ. ನಾಲ್ಕು ವರ್ಷದ ಪಾಲಿಟೆಕ್ನಿಕ್ಕಿನಲ್ಲಿ — ಕೋರ್ಸು ಮೂರೇ ವರ್ಷದ್ದು — ಯಾವ ಮೇಷ್ಟ್ರೂ ಇಷ್ಟು ಚೊಕ್ಕವಾಗಿ ಹೇಳಿರಲಿಲ್ಲ. ಹುಲಿಗೇಶನಿಗೆ ಖುಷಿಯಾಯಿತು, ಖುಷಿಯ ಹಿಂದೆಯೇ ಜೋಡಿಸಿಟ್ಟ ಚಪ್ಪಲಿ ಬಂತು.

ಒಟ್ಟು ಮೂರು ಆಜ್ಞೆ. ಮೊದಲನೆಯದು ಕಾನ್ಫಿಗರ್: ಕಟ್ಟಲಿಕ್ಕೆ ಬೇಕಾದ ಸಾಮಾನು ಈ ಕಂಪ್ಯೂಟರಿನಲ್ಲಿ ಇದೆಯೋ ಇಲ್ಲವೋ ಎಂದು ಅದು ಒಂದೊಂದಾಗಿ ತಪಾಸಣೆ ಮಾಡುತ್ತದೆ. ಎರಡನೆಯದು ಮೇಕ್: ಕಟ್ಟುತ್ತದೆ. ಮೂರನೆಯದು ಇನ್‌ಸ್ಟಾಲ್: ಕಟ್ಟಿದ್ದನ್ನು ಒಯ್ದು ಅದರ ಜಾಗದಲ್ಲಿ ಕೂಡಿಸುತ್ತದೆ. ಹುಲಿಗೇಶ್ ಮೊದಲನೆಯದನ್ನು ಟೈಪ್ ಮಾಡಿ, ತೋರುಬೆರಳನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ, ಎಂಟರ್ ಒತ್ತಿದ. ಸಾಲುಗಳು ಓಡತೊಡಗಿದವು. ಅದು ಇದೆಯೇ, ಇದೆ; ಇದು ಇದೆಯೇ, ಇದೆ. ಅವನು ಆರ್‌ಟಿಒ ಇನ್‌ಸ್ಪೆಕ್ಟರನ ದನಿಯಲ್ಲಿ ಅನುವಾದ ಮಾಡುತ್ತ ಹೋದ: ಬ್ರೇಕ್ ಐತಿ, ಹಾರ್ನ್ ಐತಿ, ಡೀಸೆಲ್ ಐತಿ, ಡ್ರೈವರಿಗೆ ಕಣ್ಣು ಐತಿ. ಸೋಮವಾರದ ನಂತರ ಮೊದಲ ಸಲ ವಿರೂಪಾಕ್ಷಪ್ಪ ನಕ್ಕ, ಸ್ಟೂಲನ್ನು ಅರ್ಧ ಅಡಿ ಮುಂದೆ ಎಳೆದುಕೊಂಡ. ಅಲ್ಲಿಗೆ ಸಾಲುಗಳು ಗಕ್ಕನೆ ನಿಂತವು. ಯುಎಸ್‌ಬಿ ವೈರಿನ ಮೂಲಕ ಮಾತಾಡಲು ಬೇಕಾದ ಒಂದು ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು, ಇಲ್ಲವಂತೆ. ಅದು ಇದೆ ಎಂದು ಹುಲಿಗೇಶನಿಗೆ ಗೊತ್ತು, ನಿನ್ನೆ ಕಣ್ಣಾರೆ ನೋಡಿದ್ದ. ಅರ್ಧ ಗಂಟೆ ಬಡಿದಾಡಿದ ಮೇಲೆ ತಿಳಿಯಿತು: ಇರುವುದು ಓಡಿಸುವವರಿಗೆ ಬೇಕಾದದ್ದು, ಕಟ್ಟುವವರಿಗೆ ಬೇಕಾದ ಪ್ಯಾಕೇಜು ಬೇರೆಯೇ. ತನ್ನ ಫೋನಿನ ನೆಟ್ಟು ಹಚ್ಚಿ ಅದನ್ನು ಇಳಿಸಲು ಇಟ್ಟ. ಸಂಡೂರಿನ ಕಡೆ ಗುಡ್ಡದಲ್ಲಿ ಯಾರೋ ನೆಟ್ಟನ್ನು ಗುದ್ದಲಿಯಲ್ಲಿ ಅಗೆದು ಕಳಿಸುತ್ತಿದ್ದಾರೋ ಎಂಬಂತೆ ಅದು ಬಂತು.

ಅಷ್ಟರಲ್ಲಿ ಊಟದ ಹೊತ್ತು. ವಿರೂಪಾಕ್ಷಪ್ಪ ಕ್ಯಾರಿಯರ್ ಬಿಚ್ಚಿ ಮೂರು ರೊಟ್ಟಿ ಇವನ ಕಡೆಗೆ ತಳ್ಳಿದ, ತನಗೊಂದು ಇಟ್ಟುಕೊಂಡ. ವಾರವಿಡೀ ಹೀಗೇ. ಮಂಗಳವಾರ ಶೇಂಗಾ ಚಟ್ನಿ ಪೂರ್ತಿ ಇವನಿಗೆ, ನಿನ್ನೆ ಬದನೆಕಾಯಿ ಎಣಗಾಯಿ. ಚಹಾ ತಂದ ತಾಯಕ್ಕನಿಗೆ, ನಮ್ಮ ಇಂಜಿನಿಯರಿಗೆ ಲೋಟ ತುಂಬ ಹಾಕು, ತಲಿ ಓಡಬೇಕು ಎಂದ. ತಾಯಕ್ಕ, ಇವನೇನ್ ಇಂಜಿನಿಯರ್ರಿ, ಸೋಮವಾರ ನಮ್ಮ ಗಾಡಿ ಹತ್ರ ನಿಂತು ಒಂದ್ ಚಹಾನ ಒಂದ್ ತಾಸು ಕುಡಿದಾನ ಅಂದಳು. ಹುಲಿಗೇಶನ ಗಂಟಲಲ್ಲಿ ರೊಟ್ಟಿ ಅಡ್ಡ ನಿಂತಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ವಿರೂಪಾಕ್ಷಪ್ಪ ಬೆನ್ನು ತಟ್ಟಿದ. ಆ ತಟ್ಟುವ ಕೈಯನ್ನು ಹಿಡಿದು, ಪೊಲೀಸರೇ ನನ್ನನ್ನು ಬಂಧಿಸಿ ಎಂದು ಎರಡೂ ಮಣಿಕಟ್ಟು ಒಡ್ಡಿಬಿಡಬೇಕು ಅನ್ನಿಸಿತು. ಆದರೆ ಅಂಥ ದೃಶ್ಯ ಕೊನೆಯ ರೀಲಿನಲ್ಲಿ ಬರಬೇಕು, ಮಷೀನು ಓಡಿದ ಮೇಲೆ. ಆಗ ತಪ್ಪೊಪ್ಪಿಗೆಯೂ ಹೀರೋನ ದೊಡ್ಡತನವಾಗುತ್ತದೆ. ಹೀಗೆ ಲೆಕ್ಕ ಹಾಕಿ ಅವನು ಮೂರನೆಯ ರೊಟ್ಟಿಯನ್ನೂ ತಿಂದ. ತಿಂದ ಮೇಲೆ ಅದು ರುಚಿಯಾಗಿತ್ತೆಂಬುದೇ ಅವಮಾನವೆನಿಸಿತು.

ಎರಡು ಗಂಟೆಗೆ ಕಾನ್ಫಿಗರ್ ಪಾಸಾಯಿತು. ಎಲ್ಲಾ ಐತಿ ಅಂತ್ರಿ, ಈಗ ಅರೆಯೋದು ಅಂದ ಹುಲಿಗೇಶ್. ವಿರೂಪಾಕ್ಷಪ್ಪ ಎದ್ದು ಬಂದು ಅವನ ಬೆನ್ನ ಹಿಂದೆಯೇ ನಿಂತ. ಮೂರಡಿಯ ಗಡಿ ಅವನಿಗೇ ಮರೆತಿತ್ತು. ಮೇಕ್. ಪರದೆಯ ಮೇಲೆ ಉದ್ದುದ್ದ ಸಾಲುಗಳು ಜಲಪಾತದ ಹಾಗೆ ಬಿದ್ದವು. ಹುಲಿಗೇಶನ ತಲೆಯಲ್ಲಿ ಇಷ್ಟು ದಿನ ರಜೆ ಹಾಕಿದ್ದ ನಗಾರಿಯವರು ಒಬ್ಬೊಬ್ಬರೇ ವಾಪಸು ಬಂದು ಕೂತರು. ಕಾಲು ಗಂಟೆ ಬಿದ್ದವು. ಆಮೇಲೆ ನಿಂತವು. ಕೊನೆಗೆ ಕೆಂಪಗೆ ನಾಲ್ಕಾರು ಸಾಲು ಇಂಗ್ಲಿಷು, ಇಂಗ್ಲಿಷಿನ ನಡುವೆ ಒಂದೇ ಒಂದು ಕನ್ನಡ ಪದ, ಮೇಲಿಂದ ಮೇಲೆ ಆರು ಸಲ.

ವೈರಸ್.

ಅದೂ ಸರಿಯಾಗಿ ಮೂಡಿರಲಿಲ್ಲ. ಆಜ್ಞೆ ಟೈಪ್ ಮಾಡುವ ಆ ಟರ್ಮಿನಲ್ ಕಿಟಕಿಗೆ ಕನ್ನಡ ಕೂಡಿಸಿ ಬರೆಯಲು ಬಾರದು. ವಕಾರ ಒಂದು ಕಡೆ, ಅದರ ಐತ್ವ ಕಿತ್ತುಕೊಂಡು ಇನ್ನೊಂದು ಕಡೆ, ಸಕಾರದ ಬಾಲ ಗಾಳಿಯಲ್ಲಿ. ಆದರೂ ಮೂವತ್ತು ವರ್ಷ ಅಕ್ಷರವನ್ನೇ ನೋಡಿದವನಿಗೆ ಓದಲು ಅಷ್ಟು ಸಾಕಾಗಿತ್ತು.

“ಮತ್ತ ಬಂತು. ಅಕ್ಷರಾನೂ ಮುರದ್ಹಾಕೇತಿ.”

ದನಿ ಬಹಳ ಮೆಲ್ಲಗಿತ್ತು. ಹುಲಿಗೇಶನಿಗೆ ಎಲ್ಲವೂ ಒಂದೇ ಏಟಿಗೆ ಹೊಳೆಯಿತು. ಹೊಳೆದದ್ದು ಬೆಳಕಾಗಿ ಅಲ್ಲ, ಕಪಾಳಕ್ಕೆ ಬಿದ್ದ ಹಾಗೆ. ಭಾನುವಾರ ಆ ತಲೆಬುರುಡೆಯ ಚಿತ್ರ ಇಡಲು ಪೆನ್ ಡ್ರೈವಿನಲ್ಲಿ ಒಂದು ಫೋಲ್ಡರ್ ಮಾಡಿ, ಜಂಬದಿಂದ ‘ವೈರಸ್ ನಾಟಕ’ ಎಂದು ಹೆಸರಿಟ್ಟಿದ್ದ. ನಿನ್ನೆ ಆ ಪುಣ್ಯಾತ್ಮನ ಕೋಡನ್ನು ಇಳಿಸಿದ್ದೂ ಅದರೊಳಗೇ. ಹಾಗೇ ಇಡಿಯಾಗಿ ಎತ್ತಿ ಇಲ್ಲಿಗೆ ಹಾಕಿದ್ದ. ಮೇಕ್‌ಗೆ ಹೆಸರಿನ ನಡುವೆ ಖಾಲಿ ಜಾಗ ಬಂದರೆ ಅಲ್ಲಿಗೇ ಹೆಸರು ಮುಗಿಯಿತು ಎಂದು ಲೆಕ್ಕ. ಅದು ‘ವೈರಸ್’ ಎಂಬ ಫೋಲ್ಡರನ್ನು ಹುಡುಕಿಕೊಂಡು ಹೋಗಿದೆ, ಅಂಥದ್ದು ಇಲ್ಲ. ವೈರಸ್ ಇಲ್ಲ, ವೈರಸ್ ಇಲ್ಲ ಎಂದು ಆರು ಸಲ ಸಾರಿ ಹೇಳುತ್ತಿದೆ. ‘ಇಲ್ಲ’ ಎಂಬುದು ಮಾತ್ರ ಇಂಗ್ಲಿಷಿನಲ್ಲಿದೆ.

ಹಿಂದೆ ಸಣ್ಣ ಸದ್ದಾಯಿತು. ತಿರುಗಿ ನೋಡಬೇಕಾಗಿರಲಿಲ್ಲ, ಆದರೂ ನೋಡಿದ. ವಿರೂಪಾಕ್ಷಪ್ಪ ಚಪ್ಪಲಿ ಬಿಡುತ್ತಿದ್ದ. ಬಿಟ್ಟು, ಕಾಲಿನಿಂದಲೇ ಅಂಚಿಗೆ ಅಂಚು ಕೂಡಿಸಿ, ಗೋಡೆಯ ಪ್ಲಗ್ಗಿನ ಕಡೆ ಹೊರಟ. ಕಿತ್ತರೆ ಈ ಡಿಸ್ಕೂ ಹೋಗಬಹುದು. ಇನ್ನೊಂದು ಡಿಸ್ಕ್ ಇಲ್ಲ, ಇನ್ನೊಂದು ದಿನವೂ ಇಲ್ಲ. ಹುಲಿಗೇಶನ ಬಾಯಿಗೆ ಆ ಹೊತ್ತಿನಲ್ಲೂ ಒಂದು ಡೈಲಾಗು ಸಿದ್ಧವಾಗಿ ಬಂದು ನಿಂತಿತ್ತು: ಮಾಮ, ಅದು ವೈರಸ್ಸಲ್ಲ, ವೈರಸ್ ಹಿಡಿಯೋ ಪೊಲೀಸು, ಹಾಜರಿ ಹಾಕ್ತಾ ಐತಿ. ಎಂಥ ಸಾಲು! ವಿರೂಪಾಕ್ಷಪ್ಪ ಖಂಡಿತ ನಂಬುತ್ತಿದ್ದ. ಕೈ ಹಿಂದಕ್ಕೆ ತೆಗೆದು, ಸ್ಟೂಲಿಗೆ ಮರಳಿ, ನಾಳೆಗೆ ಇನ್ನೆರಡು ರೊಟ್ಟಿ ಹೆಚ್ಚಿಗೆ ತರುತ್ತಿದ್ದ. ಆ ರೊಟ್ಟಿ ನೆನಪಾದದ್ದರಿಂದಲೋ, ಬರಿಗಾಲು ತಣ್ಣನೆ ನೆಲದ ಮೇಲೆ ಇಡುತ್ತಿದ್ದ ಎಚ್ಚರದ ಹೆಜ್ಜೆಯಿಂದಲೋ, ಸಾಲು ನಾಲಿಗೆಯ ತುದಿಗೆ ಬಂದು ಅಲ್ಲೇ ಒಣಗಿತು.

“ಮಾಮ, ಅದನ್ನ ಬರದಾವ ನಾನು.”

ವಿರೂಪಾಕ್ಷಪ್ಪನ ಕೈ ಪ್ಲಗ್ಗಿನ ಮೇಲೆಯೇ ಇತ್ತು.

“ಈ ಹೆಸರು ನಂದು. ಫೋಲ್ಡರ್ ನಂದು. ವೈರಸ್ ಇಲ್ಲರಿ. ಯಾವತ್ತೂ ಇರ್ಲಿಲ್ಲ.”

“ಸೋಮವಾರ?”

“ಸೋಮವಾರದ್ದು ನಾನು ಮಾಡಿದ ಚಿತ್ರ. ನಿಮಗ ಆಟ ಆಡ್ಸಬೇಕಂತ ಮಾಡಿದ್ದು.”

ಹಿನ್ನೆಲೆಯಲ್ಲಿ ಏನೂ ಇರಲಿಲ್ಲ, ಪೀಪಿಯೂ ಇಲ್ಲ. ಒಂದು ಲಾರಿ ತಿರುವಿನಲ್ಲಿ ಗೇರ್ ಬದಲಿಸಿತು. ವಿರೂಪಾಕ್ಷಪ್ಪ ಪ್ಲಗ್ಗಿನಿಂದ ಕೈ ತೆಗೆದ, ಚಪ್ಪಲಿ ಹತ್ತಿರ ಬಂದು ಒಂದೊಂದೇ ಕಾಲು ತೂರಿಸಿದ, ಇವನ ಮುಖ ನೋಡದೆ ಹೊರಗೆ ಹೋದ. ರಸ್ತೆ ದಾಟಿ ತಾಯಕ್ಕನ ಗಾಡಿಯ ಬೆಂಚಿನ ಮೇಲೆ ಅಂಗಡಿಗೆ ಬೆನ್ನು ಹಾಕಿ ಕೂತ.

ಎದ್ದು ಹೋಗಿಬಿಡಬಹುದಿತ್ತು. ಬೈಕಿನ ಕೀಲಿ ಜೇಬಿನಲ್ಲೇ ಇತ್ತು. ಹುಲಿಗೇಶ್ ಎರಡು ನಿಮಿಷ ಆ ಬೆನ್ನನ್ನು ನೋಡಿದ. ತಪ್ಪೊಪ್ಪಿಕೊಂಡ ಮೇಲೆ ಒಂದು ಮಳೆಯಾದರೂ ಬರುತ್ತದೆ, ಅಪ್ಪಿಕೊಳ್ಳುತ್ತಾರೆ, ಅಥವಾ ಹೊಡೆಯುತ್ತಾರೆ ಎಂದು ಅವನು ಎಣಿಸಿದ್ದ. ಬೆನ್ನು ಕಾಣುತ್ತದೆ ಎಂದು ಯಾರೂ ಹೇಳಿರಲಿಲ್ಲ. ಕೊನೆಗೆ ಪರದೆಯ ಕಡೆ ತಿರುಗಿ ಕೋಡಿನ ಗಂಟನ್ನು ಆ ಫೋಲ್ಡರಿನಿಂದ ಹೊರಗೆ ತೆಗೆದ. ಹೊಸ ಜಾಗಕ್ಕೆ ‘ಕಟರ್’ ಎಂದಷ್ಟೇ ಹೆಸರಿಟ್ಟ. ಬೇರೆ ಏನೂ ಹೊಳೆಯಲಿಲ್ಲ. ಹಳೆಯ ಹೆಸರು ಒಳಗೆಲ್ಲ ಅಂಟಿಕೊಂಡಿರುತ್ತದೆಂದು ಅರೆಬರೆ ಕಟ್ಟಿದ್ದನ್ನೆಲ್ಲ ಒರೆಸಿ, ಮೊದಲಿನಿಂದ ಕಾನ್ಫಿಗರ್ ಹೊಡೆದ. ಇದೆಯೇ, ಇದೆ. ಇದೆಯೇ, ಇದೆ. ಈ ಸಲ ಯಾರಿಗೂ ಅನುವಾದ ಮಾಡಿ ಹೇಳಬೇಕಾಗಿರಲಿಲ್ಲ. ಮೇಕ್. ನಡುನಡುವೆ ಎಚ್ಚರಿಕೆಯ ಸಾಲುಗಳು ಬಂದವು, ನಿಲ್ಲಲಿಲ್ಲ. ಮೂರೂಕಾಲು ಗಂಟೆಗೆ ಕಟ್ಟಿ ಮುಗಿಯಿತು. ಇನ್‌ಸ್ಟಾಲ್ ಎಂದಾಗ ಪಾಸ್‌ವರ್ಡ್ ಕೇಳಿತು. ಲಿನಕ್ಸಿನಲ್ಲಿ ಪಾಸ್‌ವರ್ಡ್ ಒತ್ತುವಾಗ ಒಂದು ಚುಕ್ಕೆಯೂ ಮೂಡುವುದಿಲ್ಲ. ಬೆರಳು ಒತ್ತಿದ್ದು ಆ ಕಡೆ ತಲುಪಿತೋ ಇಲ್ಲವೋ ತಿಳಿಯುವುದಿಲ್ಲ. ಅವನು ಬೆಂಚಿನ ಕಡೆ ಒಮ್ಮೆ ನೋಡಿ, ಪೂರ್ತಿ ಒತ್ತಿ, ಎಂಟರ್ ಹೊಡೆದ. ತಲುಪಿತ್ತು. ಆದರೆ ಸಾಫ್ಟ್‌ವೇರನ್ನು ಓಡಿಸಲು ಹೋದರೆ ಅದು, ನನ್ನದೇ ಒಂದು ಲೈಬ್ರರಿ ಸಿಗುತ್ತಿಲ್ಲ ಅಂದಿತು. ಈಗಷ್ಟೇ ಕೂಡಿಸಿದ್ದು, ಕಣ್ಣೆದುರಿಗೇ ಇದೆ. ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಹುಲಿಗೇಶ್ ಪುಣ್ಯಾತ್ಮ ಬರೆದಿಟ್ಟ ಸೂಚನೆಯ ಕೊನೆಯ ಪುಟದ ತನಕ ಮೊದಲ ಸಲ ಓದಿದ. ಹೊಸಬರು ಬಂದಿದ್ದಾರೆ ಎಂದು ಕಂಪ್ಯೂಟರಿನ ಪಟ್ಟಿಗೆ ಒಮ್ಮೆ ತಿಳಿಸಬೇಕಂತೆ, ಅದಕ್ಕೊಂದು ಚಿಕ್ಕ ಆಜ್ಞೆ. ತಿಳಿಸಿದ.

ಕಟರ್ ಮೊದಲು ಒಂದು ಗುಟುಕು ಕುಡಿದ ಹಾಗೆ ಸದ್ದು ಮಾಡಿತು. ಆಮೇಲೆ ಹಾಳೆಯನ್ನು ಒಳಗೆ ಎಳೆದುಕೊಂಡಿತು. ಚಾಕು ಎಡಕ್ಕೆ ಓಡಿತು, ಬಲಕ್ಕೆ ಓಡಿತು, ಝುಂಯ್, ಝುಂಯ್ಯ್, ಸೋಮವಾರದಿಂದ ಈ ತಿರುವಿನಲ್ಲಿ ಯಾರೂ ಕೇಳದಿದ್ದ ಸದ್ದು. ರಸ್ತೆಯಾಚೆಯ ಬೆನ್ನು ಸ್ವಲ್ಪ ನೆಟ್ಟಗಾಯಿತು. ತಾಯಕ್ಕ ಬೆರಳು ಮಾಡಿ ಏನೋ ಹೇಳಿದಳು. ವಿರೂಪಾಕ್ಷಪ್ಪ ತಿರುಗಿ ನೋಡಲಿಲ್ಲ. ಲೋಟದಲ್ಲಿದ್ದುದನ್ನು ಪೂರ್ತಿ ಕುಡಿದು, ಲೋಟ ತೊಳೆದಿಟ್ಟು, ಎರಡು ಲಾರಿಗಳಿಗೆ ದಾರಿ ಬಿಟ್ಟು, ನಿಧಾನಕ್ಕೆ ದಾಟಿ ಬಂದ. ಹುಲಿಗೇಶ್ ಎದ್ದು ನಿಂತ. ವಿರೂಪಾಕ್ಷಪ್ಪ ಅವನನ್ನು ಬಳಸಿಕೊಂಡು ಹೋಗಿ ಮಷೀನಿನ ಮುಂದೆ ಬಗ್ಗಿದ. ಹುಲಿಗೇಶ್ ಪರೀಕ್ಷೆಗೆಂದು ಬರೀ ಒಂದು ಚೌಕ ಕತ್ತರಿಸಿದ್ದ. ವಿರೂಪಾಕ್ಷಪ್ಪ ಅದರ ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಸುಲಿದು, ಬ್ರಶ್ಶು ಹಿಡಿಯಲೊಲ್ಲದ ಅದೇ ಬೆರಳ ತುದಿಯಲ್ಲಿ ಬೆಳಕಿಗೆ ಹಿಡಿದ. ಚೌಕ ತುಸು ನಡುಗುತ್ತಿತ್ತು. ಒಂದು ಮೂಲೆ ಪೂರ್ತಿ ಕಡಿದಿಲ್ಲ, ಚಾಕು ಇನ್ನೊಂದು ಕೂದಲೆಳೆ ಇಳೀಬೇಕು ಎಂದು ಚೌಕಕ್ಕೆ ಹೇಳಿದ ಹಾಗೆ ಹೇಳಿದ.

“ಅವತ್ತು ನೀ ಎಲ್ಲಿ ನಿಂತಿದ್ದಿ?”

“ತಾಯಕ್ಕನ ಗಾಡಿ ಹತ್ರ.”

“ಹಂಗಾದ್ರ ಎಲ್ಲಾ ಕಂಡೈತಿ.”

ಇಲ್ಲ ಅನ್ನಬಹುದಿತ್ತು. ಲಾರಿ ಅಡ್ಡ ಬಂತು ಅನ್ನಬಹುದಿತ್ತು, ಅರ್ಧ ನಿಜವೂ ಹೌದು. ಇಡೀ ವಾರ ಅವನು ಹೇಳಿದ ಸುಳ್ಳುಗಳಲ್ಲಿ ಇದೊಂದಕ್ಕೆ ಮರ್ಯಾದೆ ಇರುತ್ತಿತ್ತು.

“ಕಂಡೈತ್ರಿ. ಚಪ್ಪಲಿ ಬಿಟ್ಟಿದ್ದೂ. ಕೈ ಮುಗಿದಿದ್ದೂ.”

ವಿರೂಪಾಕ್ಷಪ್ಪನ ಕುತ್ತಿಗೆ ಕೆಂಪಾಯಿತು. ಚೌಕವನ್ನು ಮೇಜಿನ ಅಂಚಿಗೆ ಅಂಟಿಸಿದ, ಕಿತ್ತ, ಮತ್ತೆ ಅಂಟಿಸಿದ. ಏನಂದೆ ಅಂತ ಕೇಳಿಸಿತೇನು ಎಂದು ಕೇಳಿದ. ಅದು ಮಾತ್ರ ಇಲ್ಲ ಎಂದ ಹುಲಿಗೇಶ್, ನಿಜಕ್ಕೂ ಕೇಳಿಸಿರಲಿಲ್ಲ. ವಿರೂಪಾಕ್ಷಪ್ಪ ಬಾಗಿಲ ಕಡೆ ನೋಡಿದ, ಗಡಿಯಾರ ನೋಡಿದ. ಸ್ಟೂಲು ಎಳೆದು ಕೂತ.

“ಯಪ್ಪಾ, ಮಷೀನೊಂದು ಬಿಟ್ಟುಬಿಡು ಅಂದೆ.”

ಹುಲಿಗೇಶ್ ತಲೆ ತಗ್ಗಿಸಿದ.

“ಬೇಕಾದ್ರ ಹುಲಿಗ್ಯಾನ ಒಯ್ಯಿ ಅಂದೆ.”

ವಿರೂಪಾಕ್ಷಪ್ಪ ನೆಲ ನೋಡುತ್ತ, ಅವತ್ತಿನಿಂದ ತನಗೆ ಊಟ ಸೇರಿಲ್ಲ ಎಂದ. ಹುಡುಗ ಬೈಕಿನಲ್ಲಿ ಓಡಾಡುತ್ತಾನೆ, ಲಾರಿ ರಸ್ತೆ, ನನ್ನ ಮಾತು ಎಲ್ಲಿ ಯಾರ ಕಿವಿಗೆ ಬಿತ್ತೋ, ದಿನಾ ಬೆಳಿಗ್ಗೆ ನೀನು ಒಳಗೆ ಬರುವ ತನಕ ನನಗೆ ಜೀವದಲ್ಲಿ ಜೀವ ಇರುತ್ತಿರಲಿಲ್ಲ ಎಂದ. ಹುಲಿಗೇಶನಿಗೆ ಶೇಂಗಾ ಚಟ್ನಿ, ಎಣಗಾಯಿ, ಮೂರು ಮೂರು ರೊಟ್ಟಿ, ಲೋಟ ತುಂಬ ಚಹಾ, ವಾರವಿಡೀ ತನ್ನ ಗಂಟಲಲ್ಲಿ ಮುಳ್ಳಿನ ಹಾಗೆ ಇಳಿದಿದ್ದ ಅಷ್ಟೂ ಪ್ರೀತಿ ಸಾಲಾಗಿ ಎದ್ದು ನಿಂತು ಅವನನ್ನು ನೋಡಿ ಕಣ್ಣು ಹೊಡೆದವು. ತಾನು ಅವನಿಗೆ ಹೆದರಿ ತಿನ್ನುತ್ತಿದ್ದಾಗ ಅವನು ತನಗಾಗಿ ಹೆದರಿ ಬಡಿಸುತ್ತಿದ್ದ. ನಗು ಉಕ್ಕಿ ಬಂತು. ಹಲ್ಲು ಕಚ್ಚಿ ತಡೆದ. ವಿರೂಪಾಕ್ಷಪ್ಪನ ಹೆಗಲು ಸಣ್ಣಗೆ ಅಲ್ಲಾಡುತ್ತಿತ್ತು. ಅಳುತ್ತಿದ್ದಾನೆಂದು ಹೆದರಿ ಬಗ್ಗಿ ನೋಡಿದರೆ ಅವನು ಕಣ್ಣು ಮುಚ್ಚಿ ನಗುತ್ತಿದ್ದ. ಆಮೇಲೆ ಇಬ್ಬರೂ ಯಾವ ಲಗಾಮೂ ಇಲ್ಲದೆ ನಕ್ಕರು. ಒಬ್ಬ ನಿಲ್ಲಿಸಿದರೆ ಇನ್ನೊಬ್ಬ ಶುರು ಮಾಡುತ್ತಿದ್ದ. ತಾಯಕ್ಕ ಸೌಟು ಹಿಡಿದುಕೊಂಡು ರಸ್ತೆಯ ಅಂಚಿನ ತನಕ ಬಂದು ನಿಂತಳು.

ಟೆಂಪೊ ಬಂದು ನಿಂತದ್ದು ಅವರಿಗೆ ಕೇಳಿಸಲೇ ಇಲ್ಲ. ಮೌನೇಶ್ ಹೆಗಲ ಮೇಲೆ ಹಗ್ಗದ ಸುರುಳಿ ಹಾಕಿಕೊಂಡು ಒಳಗೆ ಬಂದ. ಕಂಪ್ಲಿಯಿಂದ ಇಲ್ಲಿತನಕ ಬಿಸಿಲಲ್ಲಿ ಬಂದವನ ಮುಖ, ನಗುವ ಇಬ್ಬರನ್ನು ನೋಡಿ ಇನ್ನಷ್ಟು ಗಂಭೀರವಾಯಿತು. ಸಾವಿನ ಮನೆಗೆ ಬಂದವರ ಹಾಗೆ ಒಂದು ಕ್ಷಣ ತಲೆ ಬಗ್ಗಿಸಿ ನಿಂತು, ಮಷೀನು ಎತ್ತೋಣೇನ್ರಿ ಎಂದು ಕೇಳಿದ. ವಿರೂಪಾಕ್ಷಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿಕೊಂಡ, ಮೌನೇಶನಿಗೆ ಕೂರಲು ತನ್ನ ಸ್ಟೂಲನ್ನೇ ತಳ್ಳಿದ, ಕೊಟ್ಟ ಮಾತು ತಿನ್ನುವವನಲ್ಲ ತಾನು ಎಂದು ಇನ್ನೊಮ್ಮೆ ಹೇಳಿದ.

“ಆದ್ರ ಮಷೀನ್ ಓಡಾಕತ್ತೇತಿ ಮೌನೇಶಪ್ಪ, ಅದನ್ನ ಕೊಡಾಕ ಬರಾಂಗಿಲ್ಲ. ಬರಿಗೈಲೆ ಹೋಗಬ್ಯಾಡ. ಈ ಹುಲಿಗ್ಯಾನ ಒಯ್ಯಿ.”

ಮೌನೇಶ್ ಹಗ್ಗವನ್ನು ಹೆಗಲಿನಿಂದ ಇಳಿಸಿದ. ಹುಲಿಗೇಶನನ್ನು ತಲೆಯಿಂದ ಪಾದದ ತನಕ ನೋಡಿದ, ಒಂದು ಸುತ್ತು ಬಂದು ಹಿಂದಿನಿಂದಲೂ ನೋಡಿದ, ಸೆಕೆಂಡ್ ಹ್ಯಾಂಡ್ ಮಾಲು ಕೊಳ್ಳುವವನ ಎಚ್ಚರದಿಂದ ವಿರೂಪಾಕ್ಷಪ್ಪನ ಕಡೆ ತಿರುಗಿದ.

“ಇದು ವರ್ಕಿಂಗ್ ಕಂಡಿಷನ್ ಅದಾ ಏನ್ರಿ?”

ವಿರೂಪಾಕ್ಷಪ್ಪ ಕನ್ನಡಕ ಏರಿಸಿ ತಾನೂ ಹುಲಿಗೇಶನನ್ನು ತಲೆಯಿಂದ ಪಾದದ ತನಕ ನೋಡಿದ. ಹುಲಿಗೇಶ್ ಕಾಯುತ್ತ ನಿಂತ, ಬಾಯಲ್ಲಿ ಒಂದೂ ಡೈಲಾಗು ಇಲ್ಲದೆ.

“ಬೆಳಿಗ್ಗಿ ಇರ್ಲಿಲ್ಲ,” ಎಂದ ವಿರೂಪಾಕ್ಷಪ್ಪ.